ಮಾಲೀಕನ ಮನೆ ಎಲ್ಲಿದೆ?

(ಉಪನ್ಯಾಸಕ್ಕೆಂದು ಮಾಡಿಕೊಂಡ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಆಡಿದ ಮಾತಿನ ಧಾಟಿಯನ್ನು ತಿದ್ದಲು ಹೋಗಿಲ್ಲ. ನಡುವೆ ಸಭಿಕರು ಕೇಳಿದ ಎರಡು ಪ್ರಶ್ನೆಗಳು ಅಲ್ಲಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಅಂಗಿಯಿಂದ ಶುರು ಮಾಡುತ್ತೇನೆ. ದೊಡ್ಡ ಕಚೇರಿಯೊಂದರಲ್ಲಿ ನೆಲ ಒರೆಸುವ ಹೆಂಗಸೊಬ್ಬರ ಸಮವಸ್ತ್ರ ಅದು. ಬೆನ್ನ ಮೇಲೆ ಒಂದು ಕಂಪನಿಯ ಹೆಸರು. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಇನ್ನೊಂದು. ಸಂಬಳ ಜಮಾ ಆದಾಗ ಮೊಬೈಲಿಗೆ ಬರುವ ಮೆಸೇಜಿನಲ್ಲಿ ಮೂರನೆಯದು. ಅವರು ಒರೆಸುವ ನೆಲ ನಾಲ್ಕನೆಯವರದ್ದು, ಅದರ ಬಾಡಿಗೆ ಹೋಗುವುದು ಐದನೆಯವರಿಗೆ. ಎರಡು ತಿಂಗಳ ಪಿಎಫ್ ಕಟ್ಟಿಲ್ಲ ಎಂದು ಗೊತ್ತಾಗಿ ಆಕೆ ಸೂಪರ್‌ವೈಸರನ್ನು ಕೇಳಿದರು. ಅವನು ಏಜೆನ್ಸಿಯ ಕಡೆ ಕೈ ತೋರಿಸಿದ. ಏಜೆನ್ಸಿಯವರು ‘ಮೇಲಿನಿಂದ ಬಿಲ್ ಪಾಸಾಗಿಲ್ಲ’ ಎಂದರು. ಮೇಲಿನವರು ‘ನೀವು ನಮ್ಮ ನೌಕರರೇ ಅಲ್ಲವಲ್ಲಮ್ಮ’ ಎಂದರು, ಬಹಳ ಮರ್ಯಾದೆಯಿಂದಲೇ. ಕೊನೆಗೆ ಆಕೆ ನನ್ನ ಬಳಿ ಬಂದು ಹೇಳಿದ್ದು ಇಷ್ಟು: “ಅಣ್ಣಾ, ಪಿಎಫ್ ವಿಷಯ ಆಮೇಲೆ ನೋಡೋಣ. ನನ್ನ ಮಾಲೀಕ ಯಾರು ಅಂತ ಮೊದಲು ಹೇಳಿ.”

ನನಗೆ ಹೇಳಲು ಆಗಲಿಲ್ಲ. ಆವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ.

ಸಮಾನತೆಗಾಗಿ ತಳಮಟ್ಟದಿಂದ ಎದ್ದ ಹೋರಾಟಗಳನ್ನು ನಾವು ಸಾಮಾನ್ಯವಾಗಿ ಬೇಡಿಕೆಗಳ ಮೂಲಕ ಓದುತ್ತೇವೆ. ಕೂಲಿ, ನೆಲ, ನೀರು, ಮರ್ಯಾದೆ. ನಾನು ಇವತ್ತು ಬೇರೆ ದಾರಿ ಹಿಡಿಯುತ್ತೇನೆ. ಕಂಪನಿಯ ಎದುರು ನಿಂತ ಯಾವ ಚಳವಳಿಯನ್ನೇ ತೆಗೆದುಕೊಳ್ಳಿ, ಅದರ ಅರ್ಧ ಆಯಸ್ಸು ವಿಳಾಸ ಹುಡುಕುವುದರಲ್ಲೇ ಸವೆದಿರುತ್ತದೆ. ಯಾರನ್ನು ಕೇಳಬೇಕು? ಯಾರ ಬಾಗಿಲು ತಟ್ಟಬೇಕು? ಜಮೀನ್ದಾರನ ಕಾಲದಲ್ಲಿ ದಬ್ಬಾಳಿಕೆಗೆ ಒಂದು ಮನೆ ಇತ್ತು, ಮನೆಗೊಂದು ಜಗುಲಿ ಇತ್ತು. ಅದು ಒಳ್ಳೆಯ ಕಾಲವಾಗಿತ್ತು ಎಂದು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ಆದರೆ ಶಾಪ ಹಾಕುವವನಿಗೆ ಯಾವ ದಿಕ್ಕಿಗೆ ತಿರುಗಿ ಶಾಪ ಹಾಕಬೇಕು ಎಂಬುದಾದರೂ ಗೊತ್ತಿತ್ತು.

ಕಂಪನಿ ಎಂಬ ಜೀವಿಯ ಹುಟ್ಟುಗುಣವೇ ವಿಚಿತ್ರ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ, 1868ರಲ್ಲಿ, ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಕಾನೂನಿನ ಮುಂದೆ ಪ್ರತಿ ವ್ಯಕ್ತಿಗೂ ಸಮಾನ ರಕ್ಷಣೆ ಎನ್ನುವ ಮಾತು ಅದರಲ್ಲಿದೆ. ಬಿಡುಗಡೆಯಾದ ಕಪ್ಪು ಜನರಿಗಾಗಿ ಬರೆದ ಮಾತು. 1886ರಲ್ಲಿ ಒಂದು ರೈಲ್ವೆ ಕಂಪನಿಯ ತೆರಿಗೆ ತಕರಾರು ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಸಾಂಟಾ ಕ್ಲಾರಾ ಪ್ರಕರಣ ಎನ್ನುತ್ತಾರೆ. ಆ ‘ವ್ಯಕ್ತಿ’ ಎಂಬ ಪದದೊಳಗೆ ಕಂಪನಿಯೂ ಸೇರುತ್ತದೆ ಎಂಬ ವಾಕ್ಯ ಹುಟ್ಟಿಕೊಂಡದ್ದು ಅಲ್ಲಿ. ಅದೂ ತೀರ್ಪಿನೊಳಗಲ್ಲ, ಕೋರ್ಟಿನ ವರದಿಗಾರ ತೀರ್ಪಿನ ತಲೆಯ ಮೇಲೆ ಬರೆದ ಟಿಪ್ಪಣಿಯಲ್ಲಿ! ನಂತರದ ದಶಕಗಳಲ್ಲಿ ಆ ತಿದ್ದುಪಡಿಯ ಆಸರೆ ಕಪ್ಪು ಜನರಿಗಿಂತ ಕಂಪನಿಗಳಿಗೇ ಹೆಚ್ಚು ಸಿಕ್ಕಿತು. ಸಮಾನತೆಯ ಛತ್ರಿ ಹಿಡಿದವರು ಒಬ್ಬರು, ನೆನೆಯದೆ ಹೋದವರು ಇನ್ನೊಬ್ಬರು.

ಹಕ್ಕಿನ ಮಾತು ಬಂದಾಗ ಕಂಪನಿ ಒಬ್ಬ ವ್ಯಕ್ತಿ. ಹೊಣೆಯ ಮಾತು ಬಂದಾಗ ಅದು ಅಂಗಸಂಸ್ಥೆ, ಗುತ್ತಿಗೆದಾರ, ಬ್ರ್ಯಾಂಡ್, ಆ್ಯಪ್ ಎಂದು ನಾಲ್ಕಾಗಿ ಒಡೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಗುತ್ತಿಗೆ ಕಾರ್ಮಿಕರ ಕಾನೂನು ಬಂದದ್ದು 1970ರಲ್ಲಿ. ಗುತ್ತಿಗೆ ಪದ್ಧತಿಯನ್ನು ರದ್ದು ಮಾಡಿದ ಕೆಲಸಗಳಲ್ಲಿ ಕಾರ್ಮಿಕರನ್ನು ಮೂಲ ಸಂಸ್ಥೆಯೇ ತೆಗೆದುಕೊಳ್ಳಬೇಕು ಎಂದು 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಐದೇ ವರ್ಷ. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, ಹಾಗೆ ತಾನಾಗಿಯೇ ಆಗುವುದಿಲ್ಲ ಎಂದು ಅದೇ ಕೋರ್ಟ್ ತಿರುಗಿಸಿತು. ಎರಡೂ ಪ್ರಕರಣಗಳಲ್ಲಿ ‘ಮಾಲೀಕ’ ಆಗ ಸರ್ಕಾರಿ ಸಂಸ್ಥೆಯಾಗಿತ್ತು ಎಂಬುದನ್ನು ಗಮನಿಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ದೇವರು ಪೂಜಾರಿಯನ್ನು ನೇಮಿಸಿಕೊಂಡದ್ದೇ ವರ ಕೊಡದಿರುವುದಕ್ಕೆ.

ಹಾಗಾದರೆ ವಿಳಾಸ ಹುಡುಕಿದವರು ಯಾರಾದರೂ ಇದ್ದಾರೆಯೆ? ಇದ್ದಾರೆ. ನನಗೆ ತುಂಬ ಇಷ್ಟವಾದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದ ಫ್ಲೋರಿಡಾದಲ್ಲಿ ಇಮೊಕಲೀ ಎಂಬ ಊರಿದೆ. ಟೊಮೆಟೊ ಸೀಮೆ. ಮೆಕ್ಸಿಕೊ, ಗ್ವಾಟೆಮಾಲಾ, ಹೈಟಿಯಿಂದ ವಲಸೆ ಬಂದವರು ಬೆಳಕು ಹರಿಯುವ ಮೊದಲೇ ಒಂದು ಪಾರ್ಕಿಂಗ್ ಜಾಗದಲ್ಲಿ ಬಂದು ನಿಲ್ಲುತ್ತಿದ್ದರು. ಮೇಸ್ತ್ರಿ ಬಸ್ಸು ತಂದು ತನಗೆ ಬೇಕಾದವರನ್ನು ಆರಿಸಿ ಹತ್ತಿಸಿಕೊಳ್ಳುತ್ತಿದ್ದ. ಕೂಲಿ ಲೆಕ್ಕ ಬಕೆಟ್ಟಿನದು. ಒಂದು ಬಕೆಟ್ ಎಂದರೆ 32 ಪೌಂಡ್, ನಮ್ಮ ಲೆಕ್ಕದಲ್ಲಿ ಹದಿನಾಲ್ಕೂವರೆ ಕಿಲೋ. ಅದಕ್ಕೆ ಸಿಗುತ್ತಿದ್ದದ್ದು 40ರಿಂದ 45 ಸೆಂಟ್. ಅಲ್ಲಿನ ಕನಿಷ್ಠ ಕೂಲಿಯಷ್ಟು ಗಿಟ್ಟಬೇಕಾದರೆ ಒಬ್ಬ ಮನುಷ್ಯ ದಿನಕ್ಕೆ ಸುಮಾರು 2 ಟನ್ ಟೊಮೆಟೊ ಕಿತ್ತು ಹೊರಬೇಕಿತ್ತು.

ಆ ಬಕೆಟ್ಟನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅಂಚಿನವರೆಗೆ ತುಂಬಿದರೆ 32 ಪೌಂಡ್ ಆಯಿತು. ಆದರೆ ಮೇಸ್ತ್ರಿ ಒಪ್ಪುತ್ತಿರಲಿಲ್ಲ. ಅಂಚಿನ ಮೇಲೆ ಗುಡ್ಡೆ ಬರಬೇಕು. ಗುಡ್ಡೆ ಇಲ್ಲದಿದ್ದರೆ ಲೆಕ್ಕದ ಚೀಟಿ ಇಲ್ಲ. ಆ ಗುಡ್ಡೆಗೆ ಯಾರೂ ಕಾಸು ಕೊಡುತ್ತಿರಲಿಲ್ಲ. ಹತ್ತು ಬಕೆಟ್ಟಿಗೆ ಒಂದು ಬಕೆಟ್ಟಿನಷ್ಟು ದುಡಿಮೆ ಹೀಗೆ ಕಣ್ಣೆದುರೇ ಮಾಯವಾಗುತ್ತಿತ್ತು. ಶೋಷಣೆ ಎಂಬ ದೊಡ್ಡ ಪದ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಗುಡ್ಡೆ.

1996ರಲ್ಲಿ ಹದಿಹರೆಯದ ಹುಡುಗನೊಬ್ಬ ನೀರು ಕುಡಿಯಲು ಕೆಲಸ ನಿಲ್ಲಿಸಿದ. ಮೇಸ್ತ್ರಿ ರಕ್ತ ಬರುವಂತೆ ಹೊಡೆದ. ಆ ರಾತ್ರಿ ನೂರಾರು ಕೂಲಿಗಳು ಅವನ ರಕ್ತ ಅಂಟಿದ ಅಂಗಿಯನ್ನು ಎತ್ತಿ ಹಿಡಿದು ಮೇಸ್ತ್ರಿಯ ಮನೆಗೆ ಮೆರವಣಿಗೆ ಹೋದರು. ಒಬ್ಬನನ್ನು ಹೊಡೆದರೆ ಎಲ್ಲರನ್ನೂ ಹೊಡೆದಂತೆ ಎಂದು ಕೂಗಿದರು. ಇದು ಮೊದಲ ವಿಳಾಸ: ಮೇಸ್ತ್ರಿಯ ಮನೆ.

ಎರಡನೆಯ ವಿಳಾಸ ತೋಟದ ಒಡೆಯರದ್ದು. ಮುಷ್ಕರ ಮಾಡಿದರು. 1997ರ ಕೊನೆಯಲ್ಲಿ ಆರು ಜನ ಒಂದು ತಿಂಗಳು ಉಪವಾಸ ಕೂತರು. ಮಾತುಕತೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದಾಗ, ಹೊಲ ಹೇಗೆ ಉಳಬೇಕೆಂದು ಟ್ರ್ಯಾಕ್ಟರು ರೈತನಿಗೆ ಹೇಳುವುದಿಲ್ಲ ಎಂಬರ್ಥದ ಮಾತು ತೋಟದ ಕಡೆಯಿಂದ ಬಂತಂತೆ. ಆ ಕೂಲಿಗಳ ಸಂಘಟನೆಯವರು ಇದನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಆಮೇಲೆ ಅವರು ಕೂತು ಲೆಕ್ಕ ಹಾಕಿದರು. ಪ್ರತಿ ಬುಧವಾರ ಸಂಜೆ ಅವರದೊಂದು ಸಭೆ ನಡೆಯುತ್ತದೆ. ಓದು ಬಾರದವರೂ ಇರುತ್ತಾರೆಂದು ಗೋಡೆಗೆ ಚಿತ್ರ ಬರೆದು ಮಾತಾಡುವ ಪದ್ಧತಿ. ಈ ಟೊಮೆಟೊ ಎಲ್ಲಿಗೆ ಹೋಗುತ್ತದೆ? ಯಾರು ಲಾರಿಗಟ್ಟಲೆ ಕೊಂಡು, ಬೆಲೆ ಇಳಿಸು ಇಳಿಸು ಎಂದು ತೋಟದವನ ಕುತ್ತಿಗೆ ಒತ್ತುತ್ತಾರೆ? ಆಗ ಸಿಕ್ಕಿದ್ದು ಮೂರನೆಯ ವಿಳಾಸ: ದೇಶವಿಡೀ ಮಳಿಗೆಗಳಿರುವ ಫಾಸ್ಟ್‌ಫುಡ್ ಕಂಪನಿಗಳು. 2001ರಲ್ಲಿ ಟ್ಯಾಕೊ ಬೆಲ್ ಬಹಿಷ್ಕಾರ ಶುರುವಾಯಿತು. ಬೇಡಿಕೆ ಬಹಳ ಸಣ್ಣದು: ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಿ, ಅದು ನೇರವಾಗಿ ಕೂಲಿಗೆ ಹೋಗಲಿ. ಒಂದು ಬಕೆಟ್ಟಿಗೆ 32 ಸೆಂಟ್ ಆಯಿತಲ್ಲ, ಕೂಲಿ ಹೆಚ್ಚುಕಡಿಮೆ ಇಮ್ಮಡಿ. ನಾಲ್ಕು ವರ್ಷ ಬೇಕಾಯಿತು. 2005ರ ಮಾರ್ಚಿನಲ್ಲಿ ಆ ಕಂಪನಿ ಒಪ್ಪಿತು. 2007ರಲ್ಲಿ ಮೆಕ್‌ಡೊನಾಲ್ಡ್ಸ್, 2008ರಲ್ಲಿ ಬರ್ಗರ್ ಕಿಂಗ್. ಈಗ ಬಾಗಿಲಿಗೆ ಅಡ್ಡ ನಿಂತವರು ತೋಟದವರ ಸಂಘ. ಆ ಸೆಂಟನ್ನು ಕೂಲಿಗೆ ದಾಟಿಸುವ ಸದಸ್ಯರಿಗೆ ಒಂದು ಲಕ್ಷ ಡಾಲರ್ ದಂಡ ಎಂದು ಬೆದರಿಸಿತು. ಕೊಡುವವನು ಕೊಟ್ಟರೂ ನಡುವಿನವನು ಬಿಡ! 2010ರಲ್ಲಿ ಆ ಸಂಘವೂ ಬಗ್ಗಿತು. ಒಪ್ಪಂದದಲ್ಲಿ ಬಕೆಟ್ಟಿನ ಬಗ್ಗೆಯೇ ಒಂದು ನಿಯಮ ಸೇರಿದೆ. ಎಲ್ಲಿಯವರೆಗೆ ತುಂಬಿದರೆ ಒಂದು ಬಕೆಟ್ ಎಂದು ಕಣ್ಣಿಗೆ ಕಾಣುವ ಗುರುತು. ಗುಡ್ಡೆ ಹೋಯಿತು.

ಇಲ್ಲೊಂದು ತಮಾಷೆ ಇದೆ. ಅಮೆರಿಕದ 1935ರ ಕಾರ್ಮಿಕ ಕಾನೂನು ಕೃಷಿ ಕೂಲಿಗಳನ್ನು ಹೊರಗಿಟ್ಟಿತ್ತು. ಅವರಿಗೆ ಅದರ ರಕ್ಷಣೆ ಇಲ್ಲ. ಆದರೆ ತನ್ನ ನೇರ ಮಾಲೀಕನಲ್ಲದ ಕಂಪನಿಯ ವಿರುದ್ಧ ಬಹಿಷ್ಕಾರ ಹೂಡಬಾರದು ಎಂದು 1947ರಲ್ಲಿ ಬಂದ ನಿಷೇಧ ಇದೆಯಲ್ಲ, ಅದೂ ಇವರಿಗೆ ತಗಲುವುದಿಲ್ಲ. ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕೂರಿಸಿದ್ದರು. ಹೊರಗೆ ಕೂತವರಿಗೆ ಪಂಕ್ತಿಯ ನಿಯಮವೂ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಇಲ್ಲಿ ಒಬ್ಬರು ಎದ್ದು ಕೇಳಿದರು: ಸರ್, ಇದು ಗ್ರಾಹಕರ ಗೆಲುವಲ್ಲವೆ, ಕೂಲಿಗಳದ್ದು ಹೇಗೆ? ನ್ಯಾಯವಾದ ಪ್ರಶ್ನೆ. ಬಹಿಷ್ಕಾರಕ್ಕೆ ಕೈ ಜೋಡಿಸಿದವರಲ್ಲಿ ಕಾಲೇಜು ಹುಡುಗರು, ಚರ್ಚಿನವರು ಬಹಳ ಇದ್ದರು. ಆದರೆ ಕೊಳ್ಳುವವನ ಒಳ್ಳೆಯತನ ಒಂದು ಸೀಸನ್ ಇರುತ್ತದೆ, ಆಮೇಲೆ ಬೇರೆ ಸುದ್ದಿ ಬರುತ್ತದೆ. ಉಳಿದದ್ದು ಸಹಿ ಹಾಕಿದ ಕಾಗದ. ಅದರಲ್ಲಿ ಏನು ಬರೆಯಬೇಕು ಎಂದು ಹೇಳಿದವರು ಬಕೆಟ್ ಹೊತ್ತವರು. ಗುಡ್ಡೆಯ ವಿಷಯ ಯಾವ ಗ್ರಾಹಕನಿಗೆ ಹೊಳೆಯುತ್ತಿತ್ತು?

ಢಾಕಾದ ಹತ್ತಿರ ಸಾವರ್‌ನಲ್ಲಿ ವಿಳಾಸ ಹುಡುಕಿದ ರೀತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಬೆಳಿಗ್ಗೆ ಒಳಗೆ ಕಳಿಸಿದರು. ಸತ್ತವರು 1,100ಕ್ಕೂ ಹೆಚ್ಚು. ಆ ಬಟ್ಟೆ ತಮ್ಮದಲ್ಲ ಎನ್ನಲು ದೂರದ ಬ್ರ್ಯಾಂಡುಗಳಿಗೆ ಕಷ್ಟವೇನೂ ಇರಲಿಲ್ಲ. ಆರ್ಡರು ಒಬ್ಬರಿಗೆ, ಹೊಲಿಯುವವರು ಇನ್ನೊಬ್ಬರು, ನಡುವೆ ಏಜೆಂಟರು. ಆಗ ಕಾರ್ಮಿಕ ಸಂಘಟನೆಗಳವರು ಅವಶೇಷಗಳ ನಡುವೆ ಬಟ್ಟೆಯ ಲೇಬಲ್ ಹುಡುಕಿದರು. ಕಾಲರಿನ ಒಳಗೆ ಹೊಲಿಯುವ ಆ ಬೆರಳಗಲದ ಚೂರು ಹೆಣಗಳ ನಡುವೆ ಸಾಕ್ಷಿಯಾಯಿತು. ಅದರ ಹಿಂದಿನ ವರ್ಷ ತಜ್ರೀನ್ ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಹೀಗೇ ಹುಡುಕಿದ್ದರು. ಕುಸಿತ ಆದ ಕೆಲವೇ ವಾರಗಳಲ್ಲಿ ಕಟ್ಟಡ ಸುರಕ್ಷತೆಯ ಒಪ್ಪಂದ ಬಂತು. ಕೊನೆಗೆ ಇನ್ನೂರಕ್ಕೂ ಹೆಚ್ಚು ಬ್ರ್ಯಾಂಡುಗಳು ಸಹಿ ಹಾಕಿದವು. ಅದರ ಹೊಸತನ ಇರುವುದು ಒಂದೇ ಕಡೆ: ಮಾತಿಗೆ ತಪ್ಪಿದರೆ ಕಾರ್ಮಿಕ ಸಂಘ ಬ್ರ್ಯಾಂಡನ್ನು ಪಂಚಾಯ್ತಿಕೆಗೆ ಎಳೆಯಬಹುದು. ಎಳೆದರು ಕೂಡ, ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ. ಎರಡು ಪ್ರಕರಣ ರಾಜಿಯಲ್ಲಿ ಮುಗಿದು ಬ್ರ್ಯಾಂಡುಗಳು ಹಣ ಕಟ್ಟಿದವು. ಕಂಪನಿಗಳ ‘ಸಾಮಾಜಿಕ ಜವಾಬ್ದಾರಿ’ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ರಾಣಾ ಪ್ಲಾಜಾದ ಕೆಲವು ಘಟಕಗಳೂ ಅಂಥ ತಪಾಸಣೆಗಳಲ್ಲಿ ಪಾಸಾಗಿದ್ದವು.

ಇನ್ನು ಮುನ್ನಾರ್. ಇಲ್ಲಿ ಕತೆ ಬೇರೆ ತಿರುವು ತೆಗೆದುಕೊಳ್ಳುತ್ತದೆ.

2015ರ ಸೆಪ್ಟೆಂಬರ್. ಕೇರಳದ ಚಹಾ ತೋಟಗಳು. ಹಿಂದಿನ ವರ್ಷ 20 ಶೇಕಡಾ ಇದ್ದ ಬೋನಸ್ಸನ್ನು 10ಕ್ಕೆ ಇಳಿಸಿದರು. ಎಲೆ ಕೀಳುವ ಹೆಂಗಸರು, ಬಹುಪಾಲು ತಮಿಳು ಮಾತಾಡುವ ದಲಿತರು, ಸಾವಿರಗಟ್ಟಲೆ ರಸ್ತೆಗೆ ಬಂದು ಕೂತರು. ಮಾಲೀಕ ಯಾರು ಎಂಬ ಪ್ರಶ್ನೆಗೆ ಇಲ್ಲಿ ಸಿದ್ಧ ಉತ್ತರ ಇತ್ತು: ನೀವೇ! ಹೌದು. 2005ರಲ್ಲಿ ಆ ತೋಟಗಳ ಕಂಪನಿ ಹೊಸ ರೂಪ ತಾಳಿದಾಗ ಅರ್ಧಕ್ಕಿಂತ ಹೆಚ್ಚು ಷೇರು ನೌಕರರ ಹೆಸರಿಗೇ ಬಂದಿತ್ತು. ಕಾಗದದಲ್ಲಿ ಆಕೆ ಒಡತಿ. ಬೆನ್ನ ಮೇಲೆ ಬುಟ್ಟಿ, ಇರಲು ಬ್ರಿಟಿಷರ ಕಾಲದ ಲೈನ್ ಮನೆಯ ಒಂದು ಕೋಣೆ. ನಿನ್ನ ವಿರುದ್ಧ ನೀನೇ ಹೇಗಮ್ಮ ಮುಷ್ಕರ ಮಾಡುತ್ತೀ ಎಂದು ಕೇಳುವಷ್ಟು ಸೊಗಸಾದ ಏರ್ಪಾಡು.

ಅವರು ಆ ಕಾಗದಕ್ಕೆ ಮರುಳಾಗಲಿಲ್ಲ. ಇನ್ನೂ ಮುಖ್ಯವಾದ ಮಾತು: ತಮ್ಮ ಪರವಾಗಿ ಮಾತಾಡುತ್ತೇವೆ ಎಂದು ಬಂದ ಯೂನಿಯನ್ ಮುಖಂಡರನ್ನು, ಎಲ್ಲ ಪಕ್ಷದವರನ್ನೂ, ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎಲೆ ಕೀಳುವವರೆಲ್ಲ ಹೆಂಗಸರು, ಮುಖಂಡರೆಲ್ಲ ಗಂಡಸರು, ಬೋನಸ್ ಮಾತುಕತೆಗೆ ಕೂರುವವರೂ ಅವರೇ. ‘ಪೆಂಬಿಳೈ ಒರುಮೈ’, ಹೆಂಗಸರ ಒಗ್ಗಟ್ಟು ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಒಂಬತ್ತು ದಿನ ಹೆದ್ದಾರಿ ಬಂದ್. 20 ಶೇಕಡಾ ವಾಪಸ್ಸು ಬಂತು. ದಿನಗೂಲಿ 500 ಆಗಬೇಕೆಂದು ಕೇಳಿದ್ದರು, ಅದು ಸಿಗಲಿಲ್ಲ. 232 ಇದ್ದದ್ದು ಆಮೇಲೆ 301ಕ್ಕೆ ಬಂತು.

ಸಮಾನತೆಯ ಚಳವಳಿ ಎನ್ನುವಾಗ ನಾವು ಸಾಮಾನ್ಯವಾಗಿ ಹೊರಗಿನ ಎದುರಾಳಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆದರೆ ವೇದಿಕೆಯ ಮೇಲೆ ಯಾರು, ಜಮಖಾನದ ಮೇಲೆ ಯಾರು? ಕರಪತ್ರ ಬರೆಯುವವರು ಯಾರು, ಸಭೆ ಮುಗಿದ ಮೇಲೆ ಲೋಟ ತೊಳೆಯುವವರು ಯಾರು? ನಾನೂ ಇಲ್ಲಿ ಮೈಕಿನ ಮುಂದೆಯೇ ನಿಂತಿದ್ದೇನೆ, ಒಪ್ಪುತ್ತೇನೆ. ಮುನ್ನಾರಿನ ಹೆಂಗಸರ ಒಗ್ಗಟ್ಟು ಆಮೇಲೆ ಒಡೆಯಿತು. ಚುನಾವಣೆಗೆ ನಿಂತರು, ಕೆಲವು ಕಡೆ ಗೆದ್ದರು, ತಮ್ಮ ತಮ್ಮಲ್ಲೇ ಮುನಿಸಿಕೊಂಡರು. ಅದನ್ನೇ ತೋರಿಸಿ ನಗುವವರು ಇದ್ದಾರೆ. ಒಡೆಯದ ಗಂಡಸರ ಸಂಘಟನೆ ಒಂದಿದ್ದರೆ ಅವರು ತೋರಿಸಲಿ.

ಈಗ ಪ್ರಭುತ್ವದ ಕಡೆ ಬರೋಣ. ವಿಳಾಸ ಸಿಕ್ಕಿತು ಅಂದುಕೊಳ್ಳಿ. ಆ ಬಾಗಿಲಿನ ಮುಂದೆ ಪೊಲೀಸರ ವ್ಯಾನ್ ನಿಂತಿರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಹೆಚ್ಚು ಕಾಡುವುದು ಇನ್ನೊಂದು ರೀತಿ. ‘ನಿಮ್ಮ ಪರವಾಗಿ ನಾನೇ ಹೋಗಿ ಬಾಗಿಲು ತಟ್ಟುತ್ತೇನೆ, ನೀವು ಇಲ್ಲೇ ಇರಿ’ ಎಂದು ಸರ್ಕಾರ ಹೇಳುವುದು.

ಭೋಪಾಲ್. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಮುಂದಿನ ವರ್ಷವೇ ಸಂಸತ್ತು ಕಾನೂನು ಮಾಡಿ, ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮಾತ್ರ ಎಂದಿತು. ಅನಾಥ ಮಗುವಿಗೆ ಪೋಷಕ ಇದ್ದ ಹಾಗೆ. ಆ ಕಾರ್ಖಾನೆ ನಡೆಸುತ್ತಿದ್ದ ಭಾರತೀಯ ಕಂಪನಿಯಲ್ಲಿ ಅಮೆರಿಕದ ಮಾತೃಸಂಸ್ಥೆಗೆ 50.9 ಶೇಕಡಾ ಪಾಲು. ನಮ್ಮ ಸರ್ಕಾರಿ ಹಣಕಾಸು ಸಂಸ್ಥೆಗಳದ್ದೂ ಪಾಲಿತ್ತು ಎಂಬುದನ್ನು ಮರೆಯಬಾರದು. ಪೋಷಕನಿಗೆ ಎದುರು ಪಕ್ಷದ ಅಂಗಡಿಯಲ್ಲೂ ಪಾಲು.

ಸರ್ಕಾರ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ನಡೆದ ವಾದ ಯಾವ ಪ್ರಹಸನಕ್ಕೂ ಕಡಿಮೆ ಇಲ್ಲ. ಇಂಥ ಪ್ರಕರಣ ನಡೆಸುವ ಶಕ್ತಿ ನಮ್ಮ ನ್ಯಾಯಾಲಯಗಳಿಗಿಲ್ಲ ಎಂದು ಭಾರತ ಸರ್ಕಾರದ ವಾದ. ಇಲ್ಲ ಇಲ್ಲ, ಭಾರತದ ನ್ಯಾಯಾಲಯಗಳು ಸಮರ್ಥವಾಗಿವೆ ಎಂದು ಕಂಪನಿಯ ವಾದ! ಕಂಪನಿ ಗೆದ್ದಿತು. 1986ರಲ್ಲಿ ಪ್ರಕರಣ ಇಲ್ಲಿಗೆ ಬಂತು. 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು, ಸಂತ್ರಸ್ತರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇನ್ನು ಕ್ರಿಮಿನಲ್ ಪ್ರಕರಣ. ಭಾರತದ ನ್ಯಾಯಾಲಯಗಳನ್ನು ಅಷ್ಟು ಹೊಗಳಿದ್ದ ಕಂಪನಿಯನ್ನು ಭೋಪಾಲಿನ ನ್ಯಾಯಾಲಯ ಕರೆದಾಗ ಅದು ಬರಲೇ ಇಲ್ಲ. 1992ರಲ್ಲಿ ಅದನ್ನೂ ಅದರ ಅಧ್ಯಕ್ಷರಾಗಿದ್ದ ವಾರೆನ್ ಆ್ಯಂಡರ್ಸನ್‌ರನ್ನೂ ತಲೆಮರೆಸಿಕೊಂಡವರು ಎಂದು ಘೋಷಿಸಿತು. ಒಂದು ಕಂಪನಿ ತಲೆಮರೆಸಿಕೊಳ್ಳುವುದು ಹೇಗೆ? ತಲೆ ಇರುವುದೆಲ್ಲಿ? 2001ರಲ್ಲಿ ಅದನ್ನು ಡೌ ಕೆಮಿಕಲ್ ಕೊಂಡಿತು. ಆಸ್ತಿ ನಮ್ಮದು, ಹಳೆಯ ಪಾಪ ನಮ್ಮದಲ್ಲ ಎಂದಿತು.

ಇಷ್ಟರ ನಡುವೆ ಅನಿಲಪೀಡಿತ ಹೆಂಗಸರಿಗೆ ಸರ್ಕಾರ ಒಂದು ಪುನರ್ವಸತಿ ಕೆಲಸ ಕೊಟ್ಟಿತ್ತು, ಲೇಖನ ಸಾಮಗ್ರಿ ತಯಾರಿಸುವುದು. ಅಲ್ಲಿ ಸಂಬಳ ಕಡಿಮೆ ಎಂದು ರಶೀದಾ ಬಿ ಮತ್ತು ಚಂಪಾದೇವಿ ಶುಕ್ಲಾ ಅವರ ಮುಂದಾಳತ್ವದಲ್ಲಿ ಹೆಂಗಸರು 1986ರಲ್ಲಿ ಸಂಘ ಕಟ್ಟಿದರು. ಒಬ್ಬರು ಮುಸ್ಲಿಂ, ಒಬ್ಬರು ಹಿಂದೂ. 1989ರಲ್ಲಿ ಮಕ್ಕಳನ್ನೂ ಕರೆದುಕೊಂಡು ಭೋಪಾಲಿನಿಂದ ದಿಲ್ಲಿಗೆ ನಡೆದೇ ಹೋದರು. ಮುಂದೆ 2002ರಲ್ಲಿ ಡೌ ವಿರುದ್ಧ ಚಳವಳಿ ಹೂಡಿದಾಗ ಅವರು ಹಿಡಿದದ್ದು ಪೊರಕೆ. ‘ಝಾಡೂ ಮಾರೋ ಡೌ ಕೋ’. ಮನೆಮನೆಯಿಂದ ಬಂದ ಪೊರಕೆಗಳನ್ನು ಡೌ ಕಚೇರಿಗಳಿಗೆ ತಲುಪಿಸಿದರು. ಚೆಲ್ಲಿದವರು ಗುಡಿಸಬೇಕು ಎಂಬುದಕ್ಕೆ ಯಾವ ವಕೀಲರ ನೋಟಿಸೂ ಇಷ್ಟು ಸ್ಪಷ್ಟವಾಗಿರಲಾರದು. ಗೆದ್ದರೇ ಎಂದರೆ, ಇಲ್ಲ. ಹೆಚ್ಚಿನ ಪರಿಹಾರ ಕೋರಿದ ಅರ್ಜಿಯನ್ನು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ನಿಯಮಗಿರಿಯಲ್ಲಿ ಸರ್ಕಾರ ಇನ್ನೂ ಹತ್ತಿರ ಬಂದು ನಿಂತಿತ್ತು. ಒಡಿಶಾದ ಆ ಬೆಟ್ಟದ ಬಾಕ್ಸೈಟ್ ಬೇಕಿದ್ದದ್ದು ವೇದಾಂತ ಕಂಪನಿಗೆ. ಆದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರ ಹೆಸರು ನೋಡಿ: ಒಡಿಶಾ ಗಣಿ ನಿಗಮ. ರಾಜ್ಯ ಸರ್ಕಾರದ ಸಂಸ್ಥೆ. ಬೇಲಿ ಎದ್ದು ಹೊಲ ಮೇಯುವುದು ಹಳೆಯ ಮಾತು, ಇಲ್ಲಿ ಮೇಯಲು ಬಿಡಿ ಎಂದು ಬೇಲಿಯೇ ಅರ್ಜಿ ಹಾಕಿದೆ. 2013ರ ಏಪ್ರಿಲ್ 18ರಂದು ನ್ಯಾಯಾಲಯ, ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಬೆಟ್ಟದ ಸುತ್ತ ಡೋಂಗ್ರಿಯಾ ಕೊಂದರ ಊರುಗಳು ನೂರಕ್ಕೂ ಹೆಚ್ಚು. ರಾಜ್ಯ ಸರ್ಕಾರ ಆರಿಸಿದ್ದು 12. ಜಿಲ್ಲಾ ನ್ಯಾಯಾಧೀಶರ ಎದುರು, ಮಳೆಗಾಲದಲ್ಲಿ, ಒಂದೊಂದಾಗಿ ಹನ್ನೆರಡು ಸಭೆಗಳು ನಡೆದವು. ಹನ್ನೆರಡೂ ಬೇಡ ಎಂದವು. ಇದು ನಮ್ಮ ದೇವರಾದ ನಿಯಮರಾಜನ ಜಾಗ ಎಂದರು. ಅವರು ಯಾವ ಕಂಪನಿಯ ವಿಳಾಸವನ್ನೂ ಹುಡುಕಲಿಲ್ಲ. ವಿಳಾಸ ಹುಡುಕಿಕೊಂಡು ಕಂಪನಿಯೇ ಅವರ ಬಾಗಿಲಿಗೆ ಬರುವಂತಾಯಿತು. ಈ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಬೇಡ ಎನ್ನುವ ಅಧಿಕಾರ ಊರಿನ ಕೈಯಲ್ಲಿದ್ದರೆ ಅಲೆದಾಟವೇ ತಿರುಗಿಬಿಡುತ್ತದೆ.

ಎಲ್ಲ ಕಡೆ ಹಾಗಾಗಲಿಲ್ಲ. ಅದೇ ಸಮೂಹದ ತಾಮ್ರದ ಕಾರ್ಖಾನೆಯ ವಿರುದ್ಧ ತೂತ್ತುಕುಡಿಯಲ್ಲಿ 2018ರ ಮೇ 22ರಂದು, ಧರಣಿಯ ನೂರನೇ ದಿನ, ಜನ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೊರಟರು. ಪೊಲೀಸರ ಗುಂಡಿಗೆ 13 ಜನ ಸತ್ತರು. ಜನ ಹೊರಟದ್ದು ಕಾರ್ಖಾನೆಗಲ್ಲ, ಸರ್ಕಾರದ ಕಚೇರಿಗೆ. ಬಾಗಿಲು ಎರಡಾದರೂ ಮನೆ ಒಂದೇ ಎಂದು ಅವರಿಗೆ ತಿಳಿದಿತ್ತು. ಜಾಂಬಿಯಾದಲ್ಲಿ ಅದೇ ಸಮೂಹದ ತಾಮ್ರದ ಗಣಿಯಿಂದ ತಮ್ಮ ನೀರು ಕೆಟ್ಟಿತೆಂದು 1,826 ಹಳ್ಳಿಗರು ಲಂಡನ್ನಿನ ನ್ಯಾಯಾಲಯಕ್ಕೆ ಹೋದರು. ಗಣಿ ನಡೆಸುವುದು ಅಲ್ಲಿನ ಅಂಗಸಂಸ್ಥೆ, ನಮ್ಮನ್ನೇಕೆ ಕೇಳುತ್ತೀರಿ ಎಂದು ಮಾತೃಸಂಸ್ಥೆಯ ವಾದ. 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಇಲ್ಲೇ ವಿಚಾರಣೆ ನಡೆಯಬಹುದು ಎಂದಿತು. 2021ರಲ್ಲಿ ತಪ್ಪೊಪ್ಪಿಗೆ ಇಲ್ಲದ ರಾಜಿಯಾಯಿತು.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಸರ್ಕಾರ ಜನರ ಮಾತು ಕೇಳಿ ಕಂಪನಿಯನ್ನು ಓಡಿಸಿಯೇ ಬಿಟ್ಟರೆ, ಅಲ್ಲಿಗೆ ಮುಗಿಯಿತಲ್ಲ?

ಬೊಲಿವಿಯಾದ ಕೊಚಬಾಂಬಾದಲ್ಲಿ ಹಾಗೆ ಆಯಿತು. 1999ರಲ್ಲಿ ಊರಿನ ನೀರನ್ನು 40 ವರ್ಷಕ್ಕೆ ಅಗ್ವಾಸ್ ದೆಲ್ ತುನಾರಿ ಎಂಬ ಕಂಪನಿಗೆ ಕೊಟ್ಟರು. ಅದರ ಬೆನ್ನ ಹಿಂದೆ ಇದ್ದದ್ದು ಅಮೆರಿಕದ ಬೆಕ್ಟೆಲ್ ಕಂಪನಿ. ಬಿಲ್ಲು ಏರಿತು, ಹಲವರಿಗೆ ದುಪ್ಪಟ್ಟು. ಹಳ್ಳಿಗಳವರು ತಾವೇ ತೋಡಿಕೊಂಡ ಬಾವಿಗಳೂ ಕೈ ತಪ್ಪುವ ಭಯ ಹುಟ್ಟಿತು. ಷೂ ಕಾರ್ಖಾನೆಯ ಕಾರ್ಮಿಕ ಮುಖಂಡ ಆಸ್ಕರ್ ಒಲಿವೆರಾ ಮುಂದೆ ನಿಂತರು. ರೈತರು, ಕಾರ್ಮಿಕರು, ಬೀದಿ ವ್ಯಾಪಾರಿಗಳು ಒಂದಾದರು. 2000ದ ಏಪ್ರಿಲ್‌ನಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ವಿಕ್ಟರ್ ಹ್ಯೂಗೊ ದಾಸಾ ಎಂಬ 17ರ ಹುಡುಗ ಗುಂಡೇಟಿಗೆ ಸತ್ತ. ಗುತ್ತಿಗೆ ರದ್ದಾಯಿತು, ಕಂಪನಿ ಹೋಯಿತು.

ಆದರೆ ಹೋಗುವ ಮೊದಲೇ ಅದು ವಿಳಾಸ ಬದಲಿಸಿತ್ತು. ಕೇಮನ್ ದ್ವೀಪಗಳಲ್ಲಿ ಇದ್ದ ನೋಂದಣಿಯನ್ನು ನೆದರ್ಲೆಂಡ್ಸ್ ಕಡೆಗೆ ತಿರುಗಿಸಿಕೊಂಡಿತ್ತು. ಆ ದೇಶಕ್ಕೂ ಬೊಲಿವಿಯಾಕ್ಕೂ ಹೂಡಿಕೆ ರಕ್ಷಣೆಯ ಒಪ್ಪಂದ ಇತ್ತಲ್ಲ, ಅದಕ್ಕೆ. ಆ ಒಪ್ಪಂದ ಹಿಡಿದು ವಿಶ್ವಬ್ಯಾಂಕಿನ ಹೂಡಿಕೆ ವ್ಯಾಜ್ಯ ಕೇಂದ್ರದಲ್ಲಿ ಬಡ ಬೊಲಿವಿಯಾದ ಮೇಲೆ ಕೋಟಿಗಟ್ಟಲೆ ಡಾಲರಿನ ದಾವೆ ಹೂಡಿದರು. ಹೊಣೆ ತಪ್ಪಿಸಿಕೊಳ್ಳಲು ವಿಳಾಸ ಮರೆಸುವುದನ್ನು ನೋಡಿದೆವು, ಇದು ಹಕ್ಕು ಸಾಧಿಸಲು ವಿಳಾಸ ಸಂಪಾದಿಸುವುದು. ಆಗ ಹೋರಾಟ ಬೆಕ್ಟೆಲ್‌ನ ಸ್ಯಾನ್‌ಫ್ರಾನ್ಸಿಸ್ಕೊ ಕಚೇರಿಯ ಮುಂದೆ ಬಂತು. ಹಲವು ದೇಶಗಳ ಮುನ್ನೂರಕ್ಕೂ ಹೆಚ್ಚು ಸಂಘಟನೆಗಳು ಅರ್ಜಿಗೆ ಸಹಿ ಹಾಕಿದವು. 2006ರ ಜನವರಿಯಲ್ಲಿ ದಾವೆ ಕೈಬಿಟ್ಟರು, ಎರಡು ಬೊಲಿವಿಯಾನೊ ತೆಗೆದುಕೊಂಡು. ಅಂದರೆ ಅಲ್ಲಿನ ಎರಡು ರೂಪಾಯಿ.

ಪ್ರಶ್ನೆ ಕೇಳಿದವರಿಗೆ ಪೂರ್ತಿ ಉತ್ತರ ಕೊಡಬೇಕು. ನೀರಿನ ಸಂಸ್ಥೆ ಮತ್ತೆ ಸಾರ್ವಜನಿಕರ ಕೈಗೆ ಬಂತು. ಆದರೆ ಹಣ ಇಲ್ಲ, ಹಳೆಯ ಲಂಚ ಹೋಗಲಿಲ್ಲ. ಊರಿನ ದಕ್ಷಿಣದ ಬಡ ಬಡಾವಣೆಗಳು ವರ್ಷಗಟ್ಟಲೆ ಟ್ಯಾಂಕರ್ ಲಾರಿಯ ನೀರನ್ನೇ ಕೊಂಡವು, ನಲ್ಲಿ ಇದ್ದವರಿಗಿಂತ ಹೆಚ್ಚು ಬೆಲೆ ಕೊಟ್ಟು. ಕಂಪನಿಯನ್ನು ಓಡಿಸುವುದಕ್ಕೆ ಬೀದಿ ಸಾಕಾಯಿತು. ಪೈಪು ಹಾಕುವುದಕ್ಕೆ ಸಾಕಾಗಲಿಲ್ಲ.

ಕೊನೆಗೆ ಆ್ಯಪ್. ಸಮಯ ಮೀರಿದೆ, ಬೇಗ ಹೇಳುತ್ತೇನೆ. ಯಾಸೀನ್ ಅಸ್ಲಂ, ಜೇಮ್ಸ್ ಫ಼ರಾರ್ ಎಂಬ ಇಬ್ಬರು ಉಬರ್ ಚಾಲಕರು ಹೂಡಿದ ಪ್ರಕರಣದಲ್ಲಿ 2021ರ ಫೆಬ್ರುವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕೆಲಸಗಾರರು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಇದಕ್ಕೆ ತದ್ವಿರುದ್ಧ. ಚಾಲಕರನ್ನು ನೌಕರರಲ್ಲ ಎನ್ನುವ ಕಾನೂನನ್ನು ಜನಮತಕ್ಕೆ ಇಟ್ಟು, ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಸುರಿದು ಗೆದ್ದುಕೊಂಡವು. ನಮ್ಮಲ್ಲಿ ಮೊದಲು ರಾಜಸ್ಥಾನ 2023ರಲ್ಲಿ, ಆಮೇಲೆ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ಕಾನೂನು ಮಾಡಿದವು. ಕೆಲಸದಿಂದ ತೆಗೆಯುವುದಾದರೆ 14 ದಿನ ಮೊದಲೇ ತಿಳಿಸಬೇಕು, ಕಾರಣ ಬರೆದು ಕೊಡಬೇಕು ಎಂದು ನಮ್ಮ ಕಾನೂನಿನಲ್ಲಿದೆ. ಮಾಲೀಕ ಎಂಬ ಪದ ಮಾತ್ರ ಅದರಲ್ಲೂ ಕಂಪನಿಗೆ ಅಂಟಿಲ್ಲ.

ಕಾರಣ ಕೇಳುವುದೂ ಎಷ್ಟು ಕಷ್ಟ ನೋಡಿ. ಬ್ರಿಟನ್ನಿನ ಕೆಲವು ಚಾಲಕರ ಖಾತೆಯನ್ನು ವಂಚನೆಯ ಆರೋಪದ ಮೇಲೆ ಉಬರ್ ಮುಚ್ಚಿತ್ತು. ಏನು ವಂಚನೆ, ಯಾವಾಗ, ಯಾರು ನೋಡಿದರು? ಕೇಳಲು ಅವರು ಹೋಗಬೇಕಾಗಿ ಬಂದದ್ದು ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯಕ್ಕೆ. ಕಂಪನಿಯ ಯುರೋಪಿನ ವಿಳಾಸ ಅಲ್ಲಿತ್ತು. ತೀರ್ಮಾನ ಮಾಡಿದ್ದು ಯಂತ್ರವಲ್ಲ, ನಮ್ಮ ಸಿಬ್ಬಂದಿ ಕೂತು ಪರಿಶೀಲಿಸಿದ್ದಾರೆ ಎಂದು ಕಂಪನಿ ಹೇಳಿತು. 2023ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಮನುಷ್ಯರ ಪಾತ್ರ ಬರೀ ಹೆಸರಿಗಷ್ಟೇ ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ಸಮುದ್ರ ದಾಟಿ ಹೋಗಿ, ಸರಿಯಾದ ಮನೆಯನ್ನೇ ಹುಡುಕಿ ಬಾಗಿಲು ತಟ್ಟಿದ್ದರು. ಒಳಗೆ ಯಾರೂ ಇರಲಿಲ್ಲ.